ಬಾವಿಯಲ್ಲಿ ಕಲಿತ ಈಜು

ಎಂಬತ್ತರ ದಶಕದ ನಡುವೆ ನಾನು ಮಧುಗಿರಿಯಲ್ಲಿದ್ದುಕೊಂಡು ತುಮಕೂರಿನ ಒಂದು ಸಣ್ಣ ದಿನಪತ್ರಿಕೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಬರೆದದ್ದನ್ನು ಕವರಿಗೆ ಹಾಕಿ ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಬೆಳಗಿನ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಮನೆಯಿಂದ ಬಸ್ ನಿಲ್ದಾಣಕ್ಕೆ ಸೈಕಲ್ ತುಳಿಯುವುದೇ ನನ್ನ ವ್ಯಾಯಾಮ. ಏರು ಬಂದರೆ ಇಳಿದು ತಳ್ಳುತ್ತಿದ್ದೆ. ವಯಸ್ಸು ನಲವತ್ತರ ಹತ್ತಿರ. ಹೊಟ್ಟೆ ಮುಂದಕ್ಕೆ ಬಂದಿತ್ತು. ಕನ್ನಡಕ ತೆಗೆದರೆ ಎದುರಿನ ಅಂಗಡಿಯ ಬೋರ್ಡು ಬರೀ ಬಣ್ಣವಾಗಿ ಕಾಣುತ್ತಿತ್ತು. ಶಾಲೆಯಲ್ಲಿದ್ದಾಗಲೂ ಆಟದ ಪೀರಿಯಡ್ಡಿನಲ್ಲಿ ಉಳಿದವರ ಚಪ್ಪಲಿ ಕಾಯುತ್ತಿದ್ದವನು ನಾನೇ.

ಸುದ್ದಿ ಸಿಗದ ಒಂದು ವಾರ, ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿದ ಸಂಗತಿಯನ್ನು ನಾಲ್ಕು ಸಾಲಿಗೆ ಇಳಿಸಿ ಕಳಿಸಿದೆ. ಅಮೆರಿಕದಲ್ಲಿ ಕೆಲವರು ಒಂದೇ ದಿನ, ನಡುವೆ ವಿಶ್ರಾಂತಿಯಿಲ್ಲದೆ, ಈಜಿ, ಸೈಕಲ್ ತುಳಿದು, ಆಮೇಲೆ ಓಡುವ ಪಂದ್ಯ ನಡೆಸುತ್ತಾರೆ ಎಂಬುದು ಸಂಗತಿ. ಜಾಗ ತುಂಬಲಿ ಎಂದು ಕೊನೆಯಲ್ಲಿ ನನ್ನದೊಂದು ಸಾಲು ಸೇರಿಸಿದೆ: ಕೆರೆ, ರಸ್ತೆ, ಬೆಟ್ಟ ಮೂರೂ ಇರುವ ನಮ್ಮ ತಾಲ್ಲೂಕುಗಳಲ್ಲಿ ಇಂಥ ಪಂದ್ಯ ಏಕಾಗಬಾರದು?

ಅದು ಅಚ್ಚಾದ ವಾರವೇ ಊರಿನ ಯುವಕ ಸಂಘದ ಹುಡುಗರು ಮನೆಗೆ ಬಂದರು. ಅವರ ಕಾರ್ಯದರ್ಶಿ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ.

"ಮಾಡೇಬುಡಾನ ಅಂತ ತೀರ್ಮಾನ ಆಗೋಯ್ತು ಸಾರ್," ಎಂದ. "ಕೆರೆ ತೂಬಿನಿಂದ ಕೋಡಿವರ್ಗೂ ಈಜೋದು, ಕೊರಟಗೆರೆಗೆ ಹೋಗಿ ಬರೋವರ್ಗೂ ಸೈಕಲ್ಲು, ಆಮೇಲೆ ಬೆಟ್ಟ ಸುತ್ತಿ ಓಟ. ನಾಲ್ಕು ತಾಲ್ಲೂಕಿನವ್ರೂ ಬತ್ತಾರೆ. ಮೊದಲ್ನೇ ಹೆಸರು ನಿಮ್ದೇ ಹಾಕ್ಕಂಡಿವಿ."

"ನಂದಾ?"

"ಬರ್ದೋರು ನೀವಲ್ವಾ?"

ನನಗೆ ಈಜು ಬರುವುದಿಲ್ಲ ಎಂದೆ. ಅವನ ಹಿಂದಿದ್ದವನೊಬ್ಬ ನಕ್ಕ. "ಅಂಗಾರೆ ಬರೆಯೋದು ಮಾತ್ರ ಬತ್ತದಾ ಸಾರ್? ಹೋದ ಗಣೇಶನ ಹಬ್ಬಕ್ಕೆ ನಮ್ಮ ಸಂಘದವ್ರು ಚಂದಾ ಎತ್ತೋಕಷ್ಟೇ ಲಾಯಕ್ಕು ಅಂತ ಬರ್ದಿದ್ರಿ. ನಾವೀಗ ಮಾಡಿ ತೋರುಸ್ತೀವಿ. ನೀವು ಹಿಂದೇಟು ಹಾಕುದ್ರೆ, ಇನ್ಮೇಲೆ ನೀವು ಬರ್ದಿದ್ದನ್ನ ಯಾರು ನಂಬ್ತಾರೆ?"

ಅವರು ಹೋದ ಮೇಲೆ ಕುರ್ಚಿಯಲ್ಲಿ ಕೂತು ಯೋಚಿಸಿದೆ. ಅವನು ಹೇಳಿದ್ದು ತಮಾಷೆಯಾಗಿರಲಿಲ್ಲ. ನನಗೆ ಹೊಲವಿಲ್ಲ, ಅಂಗಡಿಯಿಲ್ಲ. ಆ ನಾಲ್ಕು ತಾಲ್ಲೂಕುಗಳಲ್ಲಿ ನನಗಿದ್ದದ್ದು, ಇವರು ಬರೆದರೆ ಅದು ನಿಜ ಎಂಬ ಮಾತೊಂದೇ. ಗೆಲ್ಲುವ ಪ್ರಶ್ನೆ ಇರಲಿಲ್ಲ. ಮುಗಿಸದೆ ಹೋದರೆ ಆ ಮಾತು ಹೋಗುತ್ತದೆ ಎಂಬುದು ಮಾತ್ರ ಸ್ಪಷ್ಟವಿತ್ತು.

ಓಟದ ಅಭ್ಯಾಸ ಶಿರಾ ರಸ್ತೆಯಲ್ಲಿ ಶುರುವಾಯಿತು. ಮೊದಲ ದಿನವೇ ಹಿಂದಿನಿಂದ ಬಂದ ಖಾಸಗಿ ಬಸ್ಸೊಂದು ನನ್ನನ್ನು ದಾಟಿ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತು, "ಓಡಬ್ಯಾಡಿ ಸಾರ್, ನಿಲ್ಸಿವ್ನಿ, ನಿಧಾನಕ್ಕೆ ಬನ್ನಿ," ಎಂದು ಕೂಗಿದ. ಬಸ್ಸಿನ ತುಂಬ ಮುಖಗಳು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದವು. ನಾನು ಬಸ್ಸಿಗಾಗಿ ಓಡುತ್ತಿಲ್ಲ ಎಂದು ಹೇಳುವಷ್ಟು ಉಸಿರಿರಲಿಲ್ಲ. ಹತ್ತಿ, ಶಿರಾಕ್ಕೆ ಟಿಕೆಟ್ ತೆಗೆದುಕೊಂಡೆ. ಶಿರಾದಲ್ಲಿ ಇಳಿದ ಮೇಲೆ ಹೇಗೂ ಬಂದೆನಲ್ಲ ಎಂದು ಓಟಕ್ಕೊಂದು ಚಡ್ಡಿ ಹೊಲಿಸಲು ಹೋದೆ. ದರ್ಜಿ ಸೊಂಟದ ಅಳತೆ ತೆಗೆದು, ಟೇಪನ್ನು ಮತ್ತೊಮ್ಮೆ ಸುತ್ತಿ ನೋಡಿ, "ಚಡ್ಡಿ ಮಗನಿಗೆ ಅಂದ್ರಲ್ಲ ಸಾಬ್?" ಎಂದ. ನಾನು ಹಾಗೆ ಹೇಳಿಯೇ ಇರಲಿಲ್ಲ.

ಈಜು ಉಳಿದಿತ್ತು. ನನ್ನ ಹೆಂಡತಿಯ ತವರು ಪಾವಗಡದ ಆಚೆ, ನಾಗಲಮಡಿಕೆಯ ಕಡೆ. ಹೊಳೆ ಹತ್ತಿರವಿದ್ದುದರಿಂದ ಮಾವನ ತೋಟದ ಬಾವಿಯಲ್ಲಿ ನೀರಿತ್ತು. ಮಾವ ಒಳ್ಳೆಯ ಈಜುಗಾರರೆಂದು ಕೇಳಿದ್ದೆ. ಒಂದು ಭಾನುವಾರ ಹೆಂಡತಿಯೂ ನಾನೂ ಹೋದೆವು. ಮಾವ ಪಂಪ್‌ಸೆಟ್ ಮನೆಯ ಜಗಲಿಯ ಮೇಲೆ ಕೂತು ಮೊಣಕಾಲು ಒತ್ತಿಕೊಂಡರು.

"ನನ್ನ ಕೈಲಿ ಆಗಲ್ಲ ಅಳಿಯಂದ್ರೇ. ಅವ್ಳು ಕಲಿಸ್ತಾಳೆ ಬಿಡಿ."

"ಯಾರು?"

ಮಾವ ಗದ್ದ ಎತ್ತಿ ತೋರಿಸಿದರು. ನನ್ನ ಹೆಂಡತಿ ಸೆರಗನ್ನು ಸೊಂಟಕ್ಕೆ ಬಿಗಿದು, ಸೀರೆಯನ್ನು ಕಚ್ಚೆಯಂತೆ ಹಿಂದಕ್ಕೆ ಸಿಕ್ಕಿಸುತ್ತಿದ್ದಳು. ನಾನು ಏನಾದರೂ ಹೇಳುವುದರೊಳಗೆ ಬಾವಿಯ ಕಟ್ಟೆಯ ಮೇಲೆ ನಿಂತು ಜಿಗಿದುಬಿಟ್ಟಳು. ನೀರು ಸಿಡಿದು ಮೇಲಿನವರೆಗೆ ಬಂತು. ಅವಳು ಮಾತ್ರ ಮೇಲೆ ಬರಲಿಲ್ಲ. ನಾನು ಕಟ್ಟೆ ಹಿಡಿದು ಬಗ್ಗಿ ನೋಡಿದೆ. ಮಾವನ ಕಡೆ ತಿರುಗಿದರೆ ಅವರು ಎಲೆಗೆ ಸುಣ್ಣ ಸವರುತ್ತಿದ್ದರು. ಕೊನೆಗೆ ಅವಳ ತಲೆ ಎದುರು ಗೋಡೆಯ ಬಳಿ ಕಾಣಿಸಿತು. ಅವಳ ಕೈಯಲ್ಲಿ ಬಾವಿಯ ತಳದ ಕೆಸರಿತ್ತು.

ಮದುವೆಯಾಗಿ ವರ್ಷಗಳಾಗಿದ್ದವು. ಊರಿನ ಪ್ರತಿ ಪಂಚಾಯಿತಿ ಸದಸ್ಯನ ಹಿನ್ನೆಲೆ ನನಗೆ ಗೊತ್ತಿತ್ತು.

"ಒಂದ್ಸಲಾನೂ ಹೇಳಿಲ್ಲವಲ್ಲೇ," ಎಂದೆ.

"ಮಧುಗಿರಿ ಮನೇಲಿರೋದು ಕೊಳಾಯಿ. ಅದ್ರಲ್ಲಿ ಈಜಿ ತೋರಿಸ್ಲಾ?" ಎಂದಳು.

ಒಣಗಿದ ಕತ್ತಾಳೆ ದಿಂಡಿನ ತುಂಡುಗಳನ್ನು ನನ್ನ ಸೊಂಟಕ್ಕೆ ಕಟ್ಟಿದಳು. ಅಲ್ಲಿಯವರು ಅದನ್ನು ಬೆಂಡು ಎನ್ನುತ್ತಾರೆ. ಅದು ಮನುಷ್ಯನನ್ನು ಮುಳುಗಲು ಬಿಡುವುದಿಲ್ಲ. ಭಾನುವಾರಗಳು ಕಳೆದಂತೆ ಅವಳು ಒಂದೊಂದೇ ತುಂಡು ಬಿಚ್ಚಿದಳು. ನಾನು ನೀರು ಕುಡಿದೆ, ಕೆಮ್ಮಿದೆ, ಮೆಟ್ಟಿಲು ಹಿಡಿದು ಸಾಕು ಎಂದೆ. ಕನ್ನಡಕ ಮಾವನ ಬಳಿ ಇರುತ್ತಿತ್ತು. ಆದ್ದರಿಂದ ದುಂಡು ಬಾವಿಯ ಕಲ್ಲುಗೋಡೆಯನ್ನು ಬಲಕ್ಕೆ ಇಟ್ಟುಕೊಂಡು, ಅದರ ಗುರುತಿನಲ್ಲೇ ಸುತ್ತು ಹಾಕುತ್ತಿದ್ದೆ. ಬೆಂಡಿಲ್ಲದೆ ನಿಲ್ಲದೆ ಸುತ್ತುವಷ್ಟಾದಾಗ ಮಾವ, "ಗಾಣದೆತ್ತಿನ ಥರ ಚೆನ್ನಾಗಿ ಸುತ್ತುತ್ತೀರಿ," ಎಂದರು. ಹೊಗಳಿಕೆಯೆಂದುಕೊಂಡೆ.

ಪಂದ್ಯದ ಬೆಳಿಗ್ಗೆ ಕೆರೆ ಏರಿಯ ಮೇಲೆ ಜನವೋ ಜನ. ನಿಯಮ ಸರಳವಾಗಿತ್ತು. ಮೀನುಗಾರರ ಎರಡು ತೆಪ್ಪಗಳು ಜೊತೆಗೆ ಬರುತ್ತವೆ. ಯಾರಾದರೂ ತೆಪ್ಪ ಮುಟ್ಟಿದರೆ ಅವರ ಪಂದ್ಯ ಅಲ್ಲಿಗೆ ಮುಗಿಯಿತು. ಏರಿ ನಮ್ಮ ಬಲಕ್ಕೆ ಇರುತ್ತದೆ, ನೇರ ಹೋದರೆ ಕೋಡಿ. ಕನ್ನಡಕವನ್ನು ಹೆಂಡತಿಗೆ ಕೊಟ್ಟೆ. ಏರಿ, ಜನ, ಆಕಾಶ ಎಲ್ಲ ಕಲಸಿಹೋಯಿತು. ಪಿಳ್ಳೆ ಹುಡುಗರ ಮಧ್ಯೆ ನಾನು ನೀರಿಗಿಳಿದೆ.

ಸೀಟಿ ಊದಿದರು. ಉಳಿದವರ ಸದ್ದು ಬೇಗ ದೂರವಾಯಿತು. ನಾನು ಕಲಿತಂತೆ ಕೈ ಹಾಕುತ್ತ ಹೋದೆ. ಉಸಿರು ಹಿಡಿತದಲ್ಲಿತ್ತು. ಇಷ್ಟು ಚೆನ್ನಾಗಿ ಆಗುತ್ತದೆಂದು ಎಣಿಸಿರಲಿಲ್ಲ. ಸಾಕಷ್ಟು ದೂರ ಬಂದೆ ಎನಿಸುವಾಗ ಜನ ಗೊಳ್ಳೆಂದು ನಕ್ಕದ್ದು ಹತ್ತಿರದಲ್ಲೇ ಕೇಳಿತು. ಪಕ್ಕದಲ್ಲಿ ತೆಪ್ಪದ ಹುಟ್ಟು ನೀರಿಗೆ ಬಿದ್ದ ಸದ್ದಾಯಿತು. ತೆಪ್ಪದವನ ದನಿ ಬಂತು.

"ಯಾಕ್ ಸಾರ್, ಏನಾರ ಮರ್ತು ಬಂದ್ಬುಟ್ರಾ? ತೂಬಿನ ತಾವ್ಕೆ ವಾಪಸ್ ಹೊಂಟಿದ್ದೀರಲ್ಲ?"

ಎದುರಿಗೆ ಕಪ್ಪಗೆ ನಿಂತಿದ್ದದ್ದು ಹೊರಟ ಜಾಗದ ತೂಬಿನ ಕಲ್ಲುಗಂಬ. ಬಾವಿಯಲ್ಲಿ ಸುತ್ತಿದ ಹಾಗೆಯೇ ನಾನು ಎಡಕ್ಕೆ ಬಾಗುತ್ತ ಹೋಗಿ, ತೆರೆದ ಕೆರೆಯಲ್ಲಿ ಒಂದು ದೊಡ್ಡ ಬಾವಿಯನ್ನು ಸುತ್ತಿ ಬಂದಿದ್ದೆ. ಗೋಡೆ ಇರಲಿಲ್ಲ, ಆದರೂ ಕೈಕಾಲಿಗೆ ಸುತ್ತುವುದಷ್ಟೇ ಗೊತ್ತಿತ್ತು. ಅದುವರೆಗೆ ಬಾರದ ಭಯ ಆಗ ಒಮ್ಮೆಲೇ ಬಂತು. ಒಂದು ಗುಟುಕು ನೀರು ಒಳಗೆ ಹೋಯಿತು. ತಿರುಗಿದರೆ ಕೋಡಿ ಯಾವ ಕಡೆ ಎಂಬುದೇ ತಿಳಿಯಲಿಲ್ಲ. ತೆಪ್ಪ ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಕೈ ಚಾಚಿದೆ ಕೂಡ.

"ಏಮಂಡೀ!"

ಆ ಕೂಗು ಏರಿಯ ಮೇಲಿಂದ ಬಂತು. ನನ್ನವಳು ಮಧುಗಿರಿಗೆ ಬಂದ ಮೇಲೆ ನಾಲ್ಕು ಜನರ ಮುಂದೆ ನನ್ನನ್ನು "ರೀ" ಎಂದೇ ಕರೆಯುತ್ತಿದ್ದಳು. ತವರಿನ ತೆಲುಗಿನ ಆ ಕರೆ ಮನೆಯೊಳಗೆ ಮಾತ್ರ. ಅದೂ ಅಡಿಗೆಮನೆಯಿಂದ ನಡುಮನೆಗೆ ಕೇಳುವಷ್ಟು. ಊರಿಗೆ ಊರೇ ನಿಂತಿದ್ದ ಏರಿಯ ಮೇಲೆ ಅವಳು ಹಾಗೆ ಗಂಟಲು ಬಿಚ್ಚಿದ್ದು ಕೇಳಿ ನನ್ನ ಕೈ ಅಲ್ಲೇ ನಿಂತಿತು.

"ಏಮಂಡೀ, ಬಾವಿ ಸುತ್ತಬ್ಯಾಡ್ರಿ. ನಾನಿಲ್ಲಿ ನಡೀತಾ ಇರ್ತೀನಿ. ನನ್ನನ್ನ ಬಲಗಡೆ ಇಟ್ಕಂಡು ಬರ್ರಿ."

ಅವಳು ಉಟ್ಟಿದ್ದದ್ದು ಅರಿಶಿನ ಬಣ್ಣದ ಸೀರೆ. ಕಲಸಿದ ಬಣ್ಣಗಳ ನಡುವೆ ಅದೊಂದು ಚುಕ್ಕೆ ಅಲುಗಿತು. ನಾನು ಅದನ್ನೇ ಬಾವಿಯ ಗೋಡೆ ಮಾಡಿಕೊಂಡೆ. ಚುಕ್ಕೆ ದೂರವಾದರೆ ಬಲಕ್ಕೆ ತಿರುಗುವುದು, ನಿಂತರೆ ಅಂಗಾತ ತೇಲಿ ಉಸಿರು ತೆಗೆದುಕೊಳ್ಳುವುದು. ಏರಿಯ ಮೇಲೆ ಯಾರೋ, "ನೋಡ್ಲಾ, ಆಯಮ್ಮ ಎಮ್ಮೆ ಹೊಡ್ಕಂಡು ಹೋದಂಗೆ ಹೋಯ್ತಾವ್ಳೆ," ಎಂದ. ಇನ್ನಾರೋ, "ಮುಚ್ಕಂಡು ದಾರಿ ಬುಡ್ಲಾ," ಎಂದರು. ತೆಪ್ಪದವನ ಬೀಡಿಯ ವಾಸನೆ ಜೊತೆಗೆ ಬರುತ್ತಿತ್ತು.

ಕೋಡಿಯ ಕಲ್ಲಿಗೆ ಮೊಣಕಾಲು ತಾಗಿದಾಗ ನಂಬಲಾಗಲಿಲ್ಲ. ತೆವಳಿ ಮೇಲೆ ಬಂದೆ. ಅವಳು ಕನ್ನಡಕ ಕೊಟ್ಟಳು. ಹಾಕಿಕೊಂಡು ತಿರುಗಿ ನೋಡಿದೆ. ಹೊರಡುವಾಗ ಅಷ್ಟು ನೀರು ಸರಿಯಾಗಿ ಕಂಡಿದ್ದರೆ ಇಳಿಯುತ್ತಲೇ ಇರಲಿಲ್ಲ. ಆಮೇಲೆ ಅವಳ ಕಾಲು ಕಂಡಿತು. ಚಪ್ಪಲಿ ಎಲ್ಲೋ ಬಿಟ್ಟುಬಂದಿದ್ದಳು, ಏರಿಯ ಜಾಲಿಮುಳ್ಳಿಗೆ ಅಂಗಾಲು ರಕ್ತವಾಗಿತ್ತು.

"ನನ್ನ ಕಾಲು ನೋಡ್ತಾ ನಿಲ್ಲಬ್ಯಾಡ್ರಿ. ಸೈಕಲ್ಲು ಅಲ್ಲಿದೆ," ಎಂದಳು.

ಕೊರಟಗೆರೆಗೆ ಹೋಗಿ ಬರುವಾಗ ಎರಡು ಸಲ ಚೈನು ಕಳಚಿತು. ಏರು ಬಂದಾಗ ಇಳಿಯಲಿಲ್ಲ, ಅದೊಂದು ಹೊಸತು. ಬೆಟ್ಟದ ಸುತ್ತಿನಲ್ಲಿ ಓಡಿದ್ದಕ್ಕಿಂತ ನಡೆದದ್ದೇ ಹೆಚ್ಚು. ನಾನು ತಲುಪುವ ವೇಳೆಗೆ ಬಹುಮಾನ ಹಂಚಿ ಮುಗಿದಿತ್ತು, ಶಾಮಿಯಾನ ಬಿಚ್ಚುತ್ತಿದ್ದರು. ಕಾರ್ಯದರ್ಶಿ ಕುರ್ಚಿಗಳನ್ನು ಲೆಕ್ಕ ಮಾಡುತ್ತಿದ್ದವನು ನನ್ನನ್ನು ಕಂಡು ಲೆಕ್ಕ ಬಿಟ್ಟ. ಆಮೇಲೆ ಒಂದು ಕುರ್ಚಿ ಬಿಡಿಸಿ ಹಾಕಿ, "ಕೂತ್ಕಳಿ ಸಾರ್," ಎಂದ. ನನ್ನ ಮಾತಿನ ಬೆಲೆ ಉಳಿಯಿತು ಎಂಬುದು ಆ ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು.

ಸಂಜೆ ಪಂದ್ಯದ ವರದಿ ಬರೆಯಲು ಕೂತೆ. ಅವಳು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ಪಿನ್ನಿನಲ್ಲಿ ಮುಳ್ಳು ತೆಗೆಯುತ್ತಿದ್ದಳು.

"ಮುಂದಿನ ವರ್ಷ ಹೆಂಗಸ್ರನ್ನೂ ಬಿಡ್ತಾರಾ?" ಎಂದು ಕೇಳಿದಳು.

ತಿರುಗಿ ನೋಡಿದೆ. ಅವಳ ಮುಖದಲ್ಲಿ ತಮಾಷೆಯಿರಲಿಲ್ಲ.

"ಕೊನೇಲಿ ಒಂದು ಸಾಲು ಬರೀರಿ. ಹೋದ್ಸಲ ಬರ್ದಂಗೆ."

ಬರೆದೆ. ಜಾಗವಿಲ್ಲವೆಂದು ತುಮಕೂರಿನ ಕಚೇರಿಯಲ್ಲಿ ಅದೊಂದು ಸಾಲನ್ನು ಕತ್ತರಿಸಿದರು. ಮತ್ತೆ ಕಳಿಸಿದೆ, ಮತ್ತೆ ಕತ್ತರಿಸಿದರು. ಸಾಲು ಕೊನೆಯಲ್ಲಿದ್ದರೆ ಹೀಗೇ ಆಗುತ್ತದೆಂದು, ಕೆರೆ ತುಂಬಿದ ಸುದ್ದಿಯೊಂದರ ನಡುವೆ ಸೇರಿಸಿ ಕಳಿಸಿದೆ. ಅಚ್ಚಾಯಿತು.

ಆ ವಾರವೇ ಸಂಘದ ಹುಡುಗರು ಬಂದರು. ನಾನು ಬಾಗಿಲು ತೆರೆದೆ. ಕಾರ್ಯದರ್ಶಿ ನನ್ನ ಭುಜದ ಮೇಲಿಂದ ಒಳಗೆ ಇಣುಕಿ ಕೇಳಿದ:

"ಅಕ್ಕ ಮನೇಲಿ ಅವ್ರೇನ್ ಸಾರ್?"