ತಪ್ಪುಗಳನ್ನು ತಂತಿಗೆ ಸಿಕ್ಕಿಸುತ್ತಿದ್ದ ಮಾದಪ್ಪ ಮಾವ

ಗುಂಡ್ಲುಪೇಟೆಯ ನಮ್ಮ ಬೀದಿಯ ಅರಿಶಿನದ ದಲ್ಲಾಳಿ ಮಾದಪ್ಪ ಮಾವನ ಮನೆಯ ಗೋಡೆಯಲ್ಲಿ, ದೇವರ ಪಟದ ಪಕ್ಕದಲ್ಲೇ, ಒಂದು ಕಬ್ಬಿಣದ ತಂತಿ ನೇತಾಡುತ್ತಿತ್ತು. ಅದರ ತುಂಬ ಕ್ಯಾಲೆಂಡರಿನಿಂದ ಕಿತ್ತ ದಿನದ ಹಾಳೆಗಳು. ಬೆಳಿಗ್ಗೆ ಹರಾಜಿಗೆ ಮೊದಲು ಅವತ್ತಿನ ಧಾರಣೆಯನ್ನು ಊಹಿಸಿ ಹಾಳೆಯ ಹಿಂದೆ ಬರೆಯುತ್ತಿದ್ದರು. ಸಂಜೆ ಪಕ್ಕದಲ್ಲೇ ನಿಜವಾದ ಧಾರಣೆ. ಊಹೆ ಸರಿಯಾದ ಹಾಳೆ ನೀರೊಲೆಗೆ, ತಪ್ಪಿದ್ದು ತಂತಿಗೆ.

"ಸರಿ ಬಂದದ್ದು ಏನ್ ಕಲಿಸ್ತದೆ ಕಣಮ್ಮಿ? ತಲೆಗೆ ಕೊಬ್ಬು ಏರ್ಸ್ತದೆ ಅಷ್ಟೇಯ" ಎನ್ನುತ್ತಿದ್ದರು. ಓದಿದ್ದು ಏಳನೇ ಕ್ಲಾಸು!

ತೊಂಬತ್ತರ ದಶಕ. ಚಾಮರಾಜನಗರದಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು, ಷೇರುಗಳ ಏರಿಳಿತವನ್ನು ಗಣಿತದಿಂದ ಅಳೆಯುವ ಬೊಂಬಾಯಿಯ ಕಂಪನಿಯೊಂದಕ್ಕೆ ಅರ್ಜಿ ಹಾಕಿಬಿಟ್ಟೆ. ಸಂದರ್ಶನಕ್ಕೂ ಕರೆದರು. ಆ ವಿದ್ಯೆಯ ಪುಸ್ತಕ ನಮ್ಮೂರ ಲೈಬ್ರರಿಗೆ ಎಲ್ಲಿಂದ ಬರಬೇಕು? ಕೆಲಸ ಸಿಗದಿದ್ದರೆ ನಾನು ನೋಡಿಟ್ಟಿರುವ ಪಕ್ಕದೂರು ಹಂಗಳದ ಗಂಡಿಗೆ ಕೊರಳೊಡ್ಡು ಎಂದು ಅಪ್ಪನ ತಾಕೀತು ಬೇರೆ. ಅಳುತ್ತಾ ಮಾವನ ಮನೆಗೆ ಹೋದೆ.

ಹದಿನೈದು ವರ್ಷದ ತಪ್ಪುಗಳನ್ನು ನನ್ನ ಮುಂದೆ ಸುರಿದರು. ಎಲ್ಲವನ್ನೂ ಗ್ರಾಫಿಗೆ ಇಳಿಸಿ, ನಾಳೆಯ ಧಾರಣೆ ಇಷ್ಟೇ ಎಂದು ಜಂಬದಿಂದ ಹೇಳಿದೆ.

"ಒಂದೇ ಬೆಲೆ ಯೋಳೋನು ಜೋಯ್ಸ ಕಣಮ್ಮಿ. ಎಷ್ಟು ತಪ್ಬೋದು ಅಂತ ಯೋಳು, ಆಗ ಯಾಪಾರಸ್ತೆ."

ಸಂದರ್ಶನಕ್ಕೆ ಇದ್ದ ಎರಡು ತಿಂಗಳೂ ಆ ಹಾಳೆಗಳ ಮುಂದೆ ಕೂತೆ. ಮಳೆ ಹಿಡಿದ ವಾರ, ಕೊಳ್ಳುವವರ ತಮಿಳುನಾಡಿನ ಲಾರಿ ಬಾರದ ವಾರ ತಪ್ಪು ಎಷ್ಟು ಹಿಗ್ಗುತ್ತದೆಂದು ಕಂಡೆ. ಅಬ್ಬಾ! ತಪ್ಪನ್ನು ಅಳೆಯಲು ನನ್ನ ಬಿ.ಎಸ್ಸಿ. ಪಠ್ಯದಲ್ಲಿದ್ದ ಸೂತ್ರವನ್ನು ಈ ಮನುಷ್ಯ ಹೆಸರೇ ಗೊತ್ತಿಲ್ಲದೆ ಬೆರಳಲ್ಲಿ ಎಣಿಸುತ್ತಿದ್ದರು.

ಸಂದರ್ಶನದಲ್ಲಿ ಒಂದು ಷೇರಿನ ಮುಂದಿನ ತಿಂಗಳ ಬೆಲೆ ಕೇಳಿದರು. ನಾನು ಎಷ್ಟು ತಪ್ಪಬಹುದೆಂಬುದನ್ನೇ ಮೊದಲು ಹೇಳಿದೆ. ಕೆಲಸ ಸಿಕ್ಕಿತು.

ಬಸ್ಸು ಹತ್ತಿಸಲು ಬಂದ ಮಾವ ಕಿಟಕಿಯ ಸರಳು ಹಿಡಿದು, "ಅಲ್ಲಿ ದೊಡ್ ದೊಡ್ ಬುಕ್ಕು ಸಿಕ್ತವೆ. ಓದಿದ್ದ ನಂಗೂ ಬರ್ದು ಕಳ್ಸಮ್ಮಿ, ನಾನೂ ಕಲೀಬೇಕು" ಎಂದರು. ಎಪ್ಪತ್ತರ ಹತ್ತಿರದ ಮುದುಕ!

ಪಾಠ ಪಾಠವಾಗಿ ಕನ್ನಡದಲ್ಲಿ ಬರೆದು ಕಳಿಸಿದೆ. ಪ್ರತಿ ಕಾಗದಕ್ಕೂ ಮಾರುತ್ತರವಾಗಿ ಒಂದು ಪ್ರಶ್ನೆ ಬರುತ್ತಿತ್ತು. ನಾಲ್ಕನೆಯದು ಹೀಗಿತ್ತು: "ಎಲ್ರೂ ಇದೇ ಲೆಕ್ಕ ಕಲ್ತು ಒಂದೇ ದಿನ ಮಾರಾಕೆ ಬಂದ್ರೆ, ಕೊಳ್ಳೋನು ಯಾರಮ್ಮಿ?"

ನನಗೆ ಗೊತ್ತಿರಲಿಲ್ಲ. ಕಚೇರಿಯ ಹಿರಿಯರನ್ನು ಕೇಳಿದೆ. ಅವರು ಕಪಾಟಿನ ದಪ್ಪ ಪುಸ್ತಕಗಳತ್ತ ಕೈ ತೋರಿಸಿದರು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ತಿಂಗಳುಗಟ್ಟಲೆ ಓದಿ ಎಂಟು ಪುಟ ಬರೆದು ಕಳಿಸಿದೆ. ಲಕೋಟೆ ಒಡೆಯದೆ ವಾಪಸು ಬಂತು. ಮೇಲೆ ಪೋಸ್ಟ್‌ಮ್ಯಾನ್ ಬರೆದಿದ್ದ: "ತೀರಿಕೊಂಡಿದ್ದಾರೆ."

ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆ ಎಂಟು ಪುಟದಲ್ಲೂ ಉತ್ತರವಿರಲಿಲ್ಲ. ಗೊತ್ತಿಲ್ಲ ಮಾವ ಎಂದು ಅವತ್ತೇ ಒಂದು ಕಾರ್ಡು ಗೀಚಿದ್ದರೆ, ಅವರ ಕೈ ಸೇರುತ್ತಿತ್ತು.