ಪರಿಚಯದವರೊಬ್ಬರಿಗೆ

ನನ್ನ ಚಿಕ್ಕಮ್ಮನಿಗೆ ಇಲ್ಲದ ಕಾಯಿಲೆಯೇ ಇಲ್ಲ ಎಂದು ಒಂದು ಕಾಲಕ್ಕೆ ನಮ್ಮ ಬೀದಿಯವರೆಲ್ಲ ನಂಬಿದ್ದರು. ಸಕ್ಕರೆ ಕಾಯಿಲೆ, ಕೀಲುನೋವು, ರಕ್ತದೊತ್ತಡ, ನಿದ್ದೆ ಬಾರದ ರೋಗ, ಎಲ್ಲದರ ಬಗ್ಗೆಯೂ ಅವಳು ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿದ್ದಳು. ನಿಜಕ್ಕೂ ಅವಳಿಗಿದ್ದದ್ದು ಸೊಂಟನೋವು ಒಂದೇ. ಅದು ವರ್ಷಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತು ಸಂಪಾದಿಸಿದ್ದು. "ಇದು ನನ್ನ ಹಳೇ ಬಾಡಿಗೆದಾರ ಕಣೇ. ಬಾಡಿಗೆ ಕೊಡಲ್ಲ, ಮನೆ ಬಿಡಲ್ಲ" ಎನ್ನುತ್ತಿದ್ದಳು.

ಈ ನಾಟಕ ಶುರುವಾದದ್ದು ಡಾಕ್ಟರರಿಂದ. ಬೀದಿಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿರುವ ಅವರು ತಿಂಗಳಿಗೊಮ್ಮೆ, ಭಾನುವಾರ ಸಂಜೆ, ಗ್ರಂಥಾಲಯದ ಮಹಡಿಯಲ್ಲಿ ಜನರ ಜೊತೆ ಮಾತಿಗೆ ಕೂರುತ್ತಾರೆ. ಒಮ್ಮೆ ಹೃದಯದ ಬಗ್ಗೆ, ಒಮ್ಮೆ ಬಿಡದೆ ಕಾಡುವ ನೋವಿನ ಬಗ್ಗೆ. ಮೊದಲ ಸಲ ಅವರು ಗಂಟಲು ಒಣಗುವಷ್ಟು ಮಾತಾಡಿ "ಏನಾದ್ರೂ ಇದ್ರೆ ಕೇಳಿ" ಎಂದಾಗ ಸಭೆಗೆ ಸಭೆಯೇ ಚಾವಣಿ ನೋಡಿತು. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರಾಗಿ ಮೆಟ್ಟಿಲ ಮೂಲೆಯಲ್ಲಿ ಅವರನ್ನು ಹಿಡಿದು ಪಿಸುಗುಟ್ಟಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ನಾವು. ಕೇಳಿದವರಿಗೇ ಕಾಯಿಲೆ ಎಂದು ಪಕ್ಕದ ಕುರ್ಚಿಯವರು ತೀರ್ಮಾನಿಸಿಬಿಟ್ಟಾರು ಎಂಬ ಭಯ.

ಆಗ ಡಾಕ್ಟರರು ತಮ್ಮ ಅಂಗಿ ಹೊಲಿಯುವ ಚಿಕ್ಕಮ್ಮನನ್ನು ಒಪ್ಪಿಸಿದರು. ಅಂದಿನಿಂದ ಮೊದಲ ಪ್ರಶ್ನೆ ಅವಳದು. ಏನು ಕೇಳಬೇಕೆಂದು ಅವರೇ ಮುಂಚೆ ಹೇಳಿಕೊಡುತ್ತಿದ್ದರು. ಅಳತೆ ಟೇಪನ್ನು ಕೊರಳಲ್ಲಿ ಹಾಗೇ ಬಿಟ್ಟುಕೊಂಡು ಅವಳು ಎದ್ದು "ನನಗೆ ಪರಿಚಯದವರೊಬ್ಬರಿಗೆ..." ಎಂದು ಶುರುಮಾಡಿದರೆ ಮುಗಿಯಿತು, ಬೇಕಾದಲ್ಲಿ ಕೆಮ್ಮು, ಬೇಕಾದಲ್ಲಿ ನರಳಾಟ. ಅವಳು ಕೂತ ಕೂಡಲೇ ಉಳಿದವರ ಕೈಗಳು ಮೇಲೇಳುತ್ತಿದ್ದವು. ಕ್ರಮೇಣ ಗುಟ್ಟು ರಟ್ಟಾಯಿತು. ಆದರೂ ಜನ ಅವಳಿಗಾಗಿ ಕಾಯುತ್ತಿದ್ದರು, ಅವಳು ಎದ್ದರೆ ಸಾಕು ನಗುತ್ತಿದ್ದರು.

ಹೃದಯದ ಮಾತು ನಡೆದ ತಿಂಗಳು ಅವಳು ಕೇಳಿದ್ದು ಇದು: ಪರಿಚಯದವರೊಬ್ಬರಿಗೆ ಮೆಟ್ಟಿಲು ಹತ್ತಿದರೆ ದವಡೆ ಬಿಗಿಯುತ್ತದೆ, ನಿಂತರೆ ಬಿಡುತ್ತದೆ, ಹಲ್ಲಿನ ಡಾಕ್ಟರಿಗೆ ತೋರಿಸಬೇಕೇ? ಹಲ್ಲಲ್ಲ, ಮೊದಲು ಹೃದಯ ತೋರಿಸಿ ಎಂದರು ಡಾಕ್ಟರರು. ಹೃದಯದ ತೊಂದರೆ ಎದೆನೋವಾಗಿಯೇ ಬರಬೇಕೆಂದಿಲ್ಲ ಎಂದು ಬಿಡಿಸಿ ಹೇಳಿದರು. ದವಡೆ ಹಿಡಿದು ಚಿಕ್ಕಮ್ಮ ಮುಖ ಕಿವಿಚಿದ ಚಂದಕ್ಕೆ ಚಪ್ಪಾಳೆ ಬಿತ್ತು.

ಅದಾದ ಸ್ವಲ್ಪ ದಿನಕ್ಕೆ ನನಗೆ ದಿಗಿಲು ಹತ್ತಿಕೊಂಡಿತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಚಿಕ್ಕಮ್ಮ. ಪಕ್ಕದ ಕೋಣೆಯಲ್ಲಿ ಅವಳ ಯಂತ್ರದ ಸದ್ದು ಕೇಳುತ್ತಲೇ ಬೆಳೆದವಳು ನಾನು. ಆ ಸದ್ದು ಈಗ ನಡುನಡುವೆ ನಿಲ್ಲುತ್ತಿತ್ತು. ಹೋಗಿ ನೋಡಿದರೆ ಕಾಲು ಪೆಡಲಿನ ಮೇಲೆ, ಕೈ ಗಲ್ಲದ ಕೆಳಗೆ.

"ಏನಾಯ್ತು ಚಿಕ್ಕಮ್ಮ?"

"ದಾರ ತುಂಡಾಯ್ತು."

ದಾರ ಸೂಜಿಯಲ್ಲೇ ಇತ್ತು.

"ಡಾಕ್ಟ್ರಿಗೆ ಹೇಳೋಣ ನಡಿ."

"ನಗ್ತಾರೆ ಕಣೇ. ಅವ್ರು ಹೇಳಿಕೊಟ್ಟ ಮಾತನ್ನೇ ಅವ್ರಿಗೆ ಒಪ್ಪಿಸ್ಲಾ? ಆಡಿ ಆಡಿ ದವಡೆಗೂ ಅಭ್ಯಾಸ ಆಗಿರ್ಬೇಕು."

ನನಗೆ ರೇಗಿತು. ಬೀದಿಗೆಲ್ಲ ಪಾಠ ಹೇಳಿಸಿದವಳು ತನ್ನ ಪಾಲಿಗೆ ಬಂದಾಗ ಕಿವುಡಿ! ಡಾಕ್ಟರರು ಬೇರೆ ಊರಿಗೆ ಹೋಗಿದ್ದರು, ಭಾನುವಾರ ನೇರ ಸಭೆಗೇ ಬರುವವರು. ಇನ್ನೊಬ್ಬ ಡಾಕ್ಟರ ಹತ್ತಿರ ಹೋಗೋಣವೆಂದರೆ ಇವಳು ಹೊಸ್ತಿಲು ದಾಟಲು ಒಲ್ಲಳು. "ಸಭೇಲೇ ಹೇಳ್ತೀನಿ ಬಿಡು, ಪ್ರಾಣ ತಿನ್ಬೇಡ" ಎಂದಳು. ಭಾನುವಾರದವರೆಗೂ ನಾನು ಮುಳ್ಳಿನ ಮೇಲೆ ಕೂತಿದ್ದೆ.

ಅಂದಿನ ವಿಷಯ ಸಾವು. ಡಾಕ್ಟರರು ಊರಿಗೆ ಹೊರಡುವ ಮೊದಲೇ ಹೇಳಿಕೊಟ್ಟಿದ್ದ ಪ್ರಶ್ನೆ, ಸಾಯುತ್ತಿರುವವರ ಹತ್ತಿರ ಏನು ಮಾತಾಡಬೇಕು ಎಂಬುದು. ಮಹಡಿ ಹತ್ತುವಾಗ ಚಿಕ್ಕಮ್ಮ ಅರ್ಧದಲ್ಲಿ ನಿಂತು ಗೋಡೆಯ ಮೇಲಿನ ಹಳೇ ಪ್ರಕಟಣೆಯನ್ನು ಓದತೊಡಗಿದಳು. ಅವಳ ಕುತ್ತಿಗೆಯ ಬೆವರು ಕಂಡು ನಾನು ಅವಳ ತೋಳು ಹಿಡಿದುಕೊಂಡೆ.

ಡಾಕ್ಟರರು ಮಾತು ಮುಗಿಸಿ ಅವಳತ್ತ ತಲೆಯಾಡಿಸಿದರು. ಅವಳು ಎದ್ದಳು.

"ನನಗೆ ಪರಿಚಯದವರೊಬ್ಬರಿಗೆ ಮೆಟ್ಟಿಲು ಹತ್ತಿದ್ರೆ ದವಡೆ ಬಿಗಿಯುತ್ತೆ ಡಾಕ್ಟ್ರೇ. ಇವತ್ತು ನಿಂತ್ರೂ ಬಿಡ್ತಿಲ್ಲ."

ಸಭೆ ಗೊಳ್ಳೆಂದಿತು. "ಹಳೇ ಪ್ರಶ್ನೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಡಾಕ್ಟರರೂ ನಕ್ಕರು.

"ಅದು ಹೋದ ತಿಂಗಳದ್ದಲ್ವೇನಮ್ಮಾ? ಅವ್ರು ಇನ್ನೂ ಆಸ್ಪತ್ರೆಗೆ ಹೋಗಿಲ್ವಾ? ಎಲ್ಲಿದ್ದಾರೆ ಈಗ?"

"ಇಲ್ಲೇ ನಿಂತಿದ್ದಾಳೆ."

ಚಪ್ಪಾಳೆ ಬಿತ್ತು. ಇಷ್ಟು ಚೆನ್ನಾಗಿ ಅವಳು ಎಂದೂ ಆಡಿರಲಿಲ್ಲ ಎಂದುಕೊಂಡರೋ ಏನೋ. ನನ್ನ ಮೈ ಉರಿದುಹೋಯಿತು. "ನಾಟಕ ಅಲ್ಲ ಇದು, ನಿಲ್ಸಿ!" ಎಂದು ಕಿರುಚಿದೆ. ಅಷ್ಟರಲ್ಲಿ ಡಾಕ್ಟರರು ಮೈಕು ಕೆಳಗಿಟ್ಟು ಕುರ್ಚಿಗಳನ್ನು ಸರಿಸುತ್ತಾ ಬರುತ್ತಿದ್ದರು. ಅಳತೆ ಟೇಪು ಸಹ ಭಾರವೆನ್ನುವಂತೆ ಚಿಕ್ಕಮ್ಮ ಅದನ್ನು ಕೊರಳಿಂದ ಎಳೆದುಹಾಕಿ ಕುಸಿದು ಕೂತಳು.

ಆಂಬುಲೆನ್ಸಿನಲ್ಲಿ ಡಾಕ್ಟರರು ಅವಳ ಕೈ ಹಿಡಿದೇ ಕೂತಿದ್ದರು. ಅವಳು ಕಣ್ಣು ತೆರೆದಳು.

"ನಿಮ್ಮ ಪ್ರಶ್ನೆ ಉಳಿದೇ ಹೋಯ್ತು. ಸಾಯೋರ ಹತ್ರ ಏನ್ ಮಾತಾಡ್ಬೇಕು?"

ಸಂಜೆಯೆಲ್ಲ ಅದನ್ನೇ ಮಾತಾಡಿದ್ದ ಮನುಷ್ಯ ಈಗ ಗಡಿಯಾರ ನೋಡುತ್ತಾ ಅವಳ ನಾಡಿ ಎಣಿಸತೊಡಗಿದರು.

"ಉತ್ತರ ಗೊತ್ತಿಲ್ದೇ ಪ್ರಶ್ನೆ ಕೊಟ್ರಾ?"

"ನೀವು ಸಾಯ್ತಿಲ್ಲಮ್ಮಾ" ಎಂದರು ಅವರು. ಆ ದನಿ ನಂಬುವಂತಿರಲಿಲ್ಲ, ನನಗೆ ಅಳು ಬಂತು.

ಅವಳು ಸಾಯಲಿಲ್ಲ. ಮುಚ್ಚಿಕೊಳ್ಳುತ್ತಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಸಭೆಗಳು ಈಗಲೂ ನಡೆಯುತ್ತವೆ, ಮೊದಲ ಪ್ರಶ್ನೆ ಈಗಲೂ ಅವಳದೇ. ಡಾಕ್ಟರರು ಮಾತ್ರ ಉತ್ತರಿಸುವ ಮೊದಲು ಅವಳ ಮುಖವನ್ನು ಒಮ್ಮೆ ದಿಟ್ಟಿಸಿ ನೋಡುತ್ತಾರೆ.

ನನ್ನ ದಿಗಿಲು ಇನ್ನೂ ಮನೆ ಬಿಟ್ಟಿಲ್ಲ. ಪಕ್ಕದ ಕೋಣೆಯ ಯಂತ್ರ ನಿಂತರೆ ನನ್ನ ಕೈಕೆಲಸವೂ ನಿಲ್ಲುತ್ತದೆ. ನಾನು ಕೂಗುವ ಮೊದಲೇ ಆ ಕಡೆಯಿಂದ ಮಾತು ಬರುತ್ತದೆ.

"ತುಂಡಾಗಿದ್ದು ದಾರ ಕಣೇ, ನಾನಲ್ಲ."

ಆದರೂ ನಾನು ಎದ್ದು ಹೋಗಿ ಸೂಜಿ ನೋಡಿ ಬರುತ್ತೇನೆ.