ಪಂಚಾಕ್ಷರಿ ಭಾವನ ಎಡಗೈ

ನಮ್ಮ ಪಂಚಾಕ್ಷರಿ ಭಾವನ ಬೈಕು ಬೀದಿಯಲ್ಲಿ ಹಾದು ಹೋದರೆ ಹಿಂದೆಯೇ ಒಗ್ಗರಣೆ ವಾಸನೆ ಬರುತ್ತಿತ್ತು. ಹೊಸಬರು ಯಾರ ಮನೆಯಲ್ಲೋ ಏನೋ ಕರೀತಿದ್ದಾರೆ ಅಂದುಕೊಳ್ಳುತ್ತಿದ್ದರು. ನಮ್ಮೂರು ಹಾಲ್ಕುರಿಕೆಯವರಿಗೆ ಮಾತ್ರ ಗೊತ್ತಿತ್ತು, ಅದು ಕೊಬ್ಬರಿ ಎಣ್ಣೆ, ಕಾಯುತ್ತಿರುವುದು ಬಾಣಲೆಯಲ್ಲಲ್ಲ, ಬೈಕಿನ ಇಂಜಿನ್ ಮೇಲೆ ಅಂತ. ಚೈನಿಗೆ, ಸ್ಟ್ಯಾಂಡಿಗೆ, ಬ್ರೇಕ್ ಪೆಡಲಿಗೆ, ಹಾರನ್ ಗುಂಡಿಗೆ ಕೂಡ ಅವರು ಬಿಡುತ್ತಿದ್ದುದು ಅದೊಂದೇ ಎಣ್ಣೆ.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಮನೆ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಸಣ್ಣ ಎಣ್ಣೆ ಮಿಷಿನ್ನು ಇಟ್ಟುಕೊಂಡಿದ್ದರು. ಉಂಡೆಯಾಗಿ ನಿಲ್ಲದೆ ಒಡೆದುಹೋದ ಕೊಬ್ಬರಿ ಹೋಳುಗಳನ್ನು ತಂದು, ಅರೆಸಿ, ಎಣ್ಣೆಯನ್ನು ಕ್ಯಾನುಗಳಿಗೆ ತುಂಬಿ, ಬೈಕಿನ ಎರಡೂ ಪಕ್ಕ ನೇತುಹಾಕಿಕೊಂಡು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಅಂಗಡಿಗಳಿಗೆ ತಾವೇ ಹಾಕಿಬರುತ್ತಿದ್ದರು. ಮಂಡಿನೋವು ಅಂದರೆ ಆ ಎಣ್ಣೆ, ಮಗು ಅಳುತ್ತೆ ಅಂದರೆ ಆ ಎಣ್ಣೆ, ಬಾಗಿಲು ಕಿರುಗುಟ್ಟಿದರೂ ಅದೇ. ಅವರ ಹೆಂಡತಿ ಗೌರಕ್ಕ, "ಇವರ ಕೈಗೆ ಸಿಕ್ಕಿದ್ರೆ ದೇವಸ್ಥಾನದ ಗಂಟೆಗೂ ಎಣ್ಣೆ ಹಚ್ಚಿ ಸದ್ದಡಗಿಸ್ತಾರೆ" ಎಂದು ಬಯ್ಯುತ್ತಿದ್ದಳು. ಭಾವ ನಗುತ್ತಿದ್ದರು. ಹಣೆ ತುಂಬ ವಿಭೂತಿ, ಎಣ್ಣೆಯಿಂದ ಮಿರಮಿರ ಹೊಳೆಯುವ ಮೊಣಕೈ, ತೊಳೆದಷ್ಟೂ ಜಿಡ್ಡು ಬಿಡದ ಬಿಳಿ ಶರಟು. ಅವರನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಇಷ್ಟು.

ನನಗೆ ಬೈಕು ಕಲಿಸಿದ್ದು ಅವರೇ. ನಮ್ಮ ಯಜಮಾನರು ಕೊಬ್ಬರಿ ಲಾರಿ ತೆಗೆದುಕೊಂಡು ಉತ್ತರದ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ, ಅವರ ಬೈಕು ಜಗಲಿಯಲ್ಲಿ ಧೂಳು ತಿನ್ನುತ್ತಿತ್ತು. ನನಗೆ ತಿಪಟೂರಿನ ಸೊಸೈಟಿಯೊಂದರಲ್ಲಿ ಗುಮಾಸ್ತೆ ಕೆಲಸ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಡವಾಗಿ ಹೋಗಿ ಬೈಸಿಕೊಂಡು ಬಂದು ಮುಖ ಊದಿಸಿಕೊಂಡು ಕೂತಿದ್ದ ಒಂದು ಸಂಜೆ ಭಾವ ಅಂದರು: "ಗಾಡಿ ಇಲ್ಲಿ ತುಕ್ಕು ಹಿಡೀತೈತೆ, ನೀನು ಬಸ್‌ಸ್ಟಾಪಲ್ಲಿ ತುಕ್ಕು ಹಿಡೀತಿದೀಯ. ಇಬ್ರೂ ಒಂದಾಗ್ರವ್ವ, ಸಾಕು."

ಕೊಬ್ಬರಿ ಒಣಗಿಸುವ ಕಣದಲ್ಲಿ ಪಾಠ ಶುರುವಾಯಿತು. ತಮ್ಮನ ಹೆಂಡತಿ ಮಗಳ ಸಮ ಅನ್ನುವ ಮನೆ ನಮ್ಮದು, ಆದರೆ ಕೈ ಮುಟ್ಟಿ ತೋರಿಸುವ ಹಾಗಿಲ್ಲ. ಅದಕ್ಕೆ ಅವರು ತಮ್ಮ ಬೈಕನ್ನು ನನ್ನ ಪಕ್ಕಕ್ಕೆ ತಂದು ನಿಲ್ಲಿಸಿ ಅದರ ಮೇಲೆ ಕೂತು ಮಾಡಿ ತೋರಿಸುತ್ತಿದ್ದರು, ನಾನು ನೋಡಿ ಮಾಡುತ್ತಿದ್ದೆ. ಸೊಸೆ ಗೇರ್ ಗಾಡಿ ಓಡಿಸುತ್ತಾಳೆ ಅಂತ ಊರಲ್ಲಿ ಯಾರೋ ಗೊಣಗಿದ್ದಕ್ಕೆ ಭಾವ ಬೀದಿಯಲ್ಲೇ ನಿಂತು, "ಅವಳು ಕೂತಿರೋದು ಬೈಕ್ ಮೇಲೆ ಕಣಪ್ಪ, ನಿನ್ನ ಎದೆ ಮೇಲಲ್ಲ" ಅಂದುಬಿಟ್ಟರು.

ಕಣದಲ್ಲಿ ಓಡಿಸುವುದು ಬೇರೆ, ಕೊಬ್ಬರಿ ಹರಾಜಿನ ದಿನ ತಿಪಟೂರಿನ ಮಾರುಕಟ್ಟೆ ರಸ್ತೆಯಲ್ಲಿ ಓಡಿಸುವುದು ಬೇರೆ. ಕೊಬ್ಬರಿ ಚೀಲ ಹೇರಿದ ಟ್ರ್ಯಾಕ್ಟರು, ಗೂಡ್ಸ್ ಆಟೋ, ಲಾರಿ, ಇವುಗಳ ನಡುವೆ ಮೂತಿ ತೂರಿಸುವ ಬಸ್ಸು. ಒಂದು ಮಾರು ಹೋಗು, ನಿಲ್ಲು. ಇನ್ನೊಂದು ಮಾರು ಹೋಗು, ನಿಲ್ಲು. ಕೈ ಬಿಟ್ಟರೆ ಬೈಕು ನೆಗೆದು ಲಾರಿಗೆ ಗುದ್ದುತ್ತದೆ ಅನ್ನುವ ಭಯಕ್ಕೆ ನಾನು ಕ್ಲಚ್ಚನ್ನು ಅಮುಕಿಕೊಂಡೇ ಇರುತ್ತಿದ್ದೆ. ಸಂಜೆ ಹೊತ್ತಿಗೆ ಎಡಗೈ ಬೆರಳಿಂದ ಮೊಣಕೈವರೆಗೆ ಸೆಟೆದುಕೊಂಡು, ಮುದ್ದೆ ತಿರುವಲು ಕೋಲು ಹಿಡಿಯುವುದೂ ಆಗುತ್ತಿರಲಿಲ್ಲ. ಈ ಬೈಕಿನ ಸಹವಾಸವೇ ಬೇಡ ಅಂತ ಒಂದು ದಿನ ಕೀಲಿಕೈ ಬಿಸಾಕಿದೆ.

ಮುಂದಿನ ಹರಾಜಿನ ದಿನ ಭಾವ ಬೇಕಂತಲೇ ನನ್ನ ಪಕ್ಕದಲ್ಲೇ ಬೈಕು ಓಡಿಸಿಕೊಂಡು ಬಂದರು. ಹಾರನ್‌ಗಳ ಗಲಾಟೆಯಲ್ಲಿ ಕೂಗಿ ಕೂಗಿ ಪಾಠ. "ನಿಂತ ಮೇಲೆ ನ್ಯೂಟ್ರಲ್‌ಗೆ ಹಾಕವ್ವ! ಅದರ ಕುತ್ತಿಗೆ ಯಾಕೆ ಹಿಸುಕ್ತೀಯ?" ಎಂದರು. "ಲಾರಿ ಒಂದ್ ಮಾರು ಹೋಯ್ತು ಅಂತ ನೀನೂ ಹಿಂದೆಯೇ ಹೋಗಿ ಅಂಟ್ಕಬೇಡ. ಜಾಗ ಆಗ್ಲಿ, ಒಂದೇ ಸಲ ಹೋಗು. ಹಾರನ್ ಹೊಡೆಯೋನು ಹೊಡ್ಕಳ್ಲಿ ಬುಡು, ಬ್ಯಾಟ್ರಿ ಅವನ್ದು." ಮನೆಗೆ ಬಂದು ಸ್ಪ್ಯಾನರ್ ಹಿಡಿದು ಕ್ಲಚ್ ಹಿಡಿಯನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದರು, ಮಣಿಕಟ್ಟು ಮೇಲಕ್ಕೆ ಮುರಿಯದೆ ನೆಟ್ಟಗಿರಲಿ ಅಂತ. ವೈರನ್ನು ಕೊಂಚ ಸಡಿಲಿಸಿ, ಎರಡು ಬೆರಳಲ್ಲಿ ಎಳೆದು ತೋರಿಸಿದರು.

"ಬೆಳಿಗ್ಗೆ ಅಂಗೈ ಮೇಲೆ ಲಿಂಗ ಇಟ್ಕಂಡು ಪೂಜೆ ಮಾಡ್ತೀನಲ್ಲ, ಅದನ್ನ ಹಿಸುಕ್ತೀನಾ? ಕ್ಲಚ್ ಹಿಡಿಯೋದೂ ಅದೇ ಎಡಗೈ ಕಣವ್ವ. ಹಗೂರಕ್ಕೆ ಹಿಡಿ." ಅಂದು ಎದ್ದು ಹೋಗಿ, ಎಣ್ಣೆ ಕ್ಯಾನು ತಂದು, ನನ್ನ ಕ್ಲಚ್ ವೈರಿನ ಕೊಳವೆಗೂ ಧಾರಾಳವಾಗಿ ಕೊಬ್ಬರಿ ಎಣ್ಣೆ ಸುರಿದರು. ನಿಜ ಹೇಳಬೇಕೆಂದರೆ ಕ್ಲಚ್ಚು ಹೂವಿನ ಹಾಗಾಯಿತು. ಕೈನೋವು ಬಿಟ್ಟೇಹೋಯಿತು. ಭಾವ ಊರಿಗೆಲ್ಲ ಹೇಳಿಕೊಂಡು ಬಂದರು.

ಅದು ಬಿಸಿಲು ಕಾಲ. ಕಾರ್ತಿಕ ಕಳೆದು ಚಳಿ ಬಿತ್ತು ನೋಡಿ, ಒಂದು ಬೆಳಿಗ್ಗೆ ಮಾರುಕಟ್ಟೆ ರಸ್ತೆಯ ನಟ್ಟನಡುವೆ ನನ್ನ ಕ್ಲಚ್ಚು ಒಳಕ್ಕೂ ಬಾರದು, ಹೊರಕ್ಕೂ ಹೋಗದು. ಇಂಜಿನ್ ಆಫ್ ಆಯಿತು. ಹಿಂದೆ ಲಾರಿಗಳು ಒದರುತ್ತಿದ್ದವು. ತಳ್ಳಿಕೊಂಡು ಹತ್ತಿರದಲ್ಲೇ ಇದ್ದ ಅನ್ವರನ ಗ್ಯಾರೇಜಿಗೆ ಹೋದೆ, ಅಂಗಡಿಗಳಿಗೆ ಎಣ್ಣೆ ಹಾಕಲು ಬಂದಿದ್ದ ಭಾವನೂ ಅಲ್ಲಿಗೇ ಬಂದರು. ಅನ್ವರ್ ವೈರು ಎಳೆದು ನೋಡಿದ. ಅದರ ಮೈತುಂಬ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ!

"ಅರೆ ಪಂಚಣ್ಣ, ಚಳಿಗಾಲದಲ್ಲಿ ತಲೆಗೆ ಹಚ್ಚೋ ಬಾಟ್ಲಿನೇ ಬಿಸಿಲಿಗಿಟ್ಟು ಕರಗಿಸ್ತೀವಿ. ಇದನ್ನ ಎಲ್ಲಿ ಇಡ್ತೀರಾ?" ಅಂತ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಭಾವ ಸೋಲುವ ಆಸಾಮಿಯೇ? "ಲೇ ಅನ್ವರ್, ಎಣ್ಣೆ ಚೊಕ್ಕ ಐತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇನ್ಲಾ? ಕಲಬೆರಕೆ ಆಗಿದ್ರೆ ಇಂಗೆ ಹೆಪ್ಪುಗಟ್ತಿತ್ತಾ?" ಅಂದರು. ನಾನು ಗ್ರೀಸು ಹಾಕಿಸಿಕೊಂಡೆ. ಅವರು ಹಾಕಿಸಿಕೊಳ್ಳಲಿಲ್ಲ. ಅಂದಿನಿಂದ ಬೆಳಿಗ್ಗೆ ಎದ್ದು ಬೈಕನ್ನು ಕಣದಲ್ಲಿ ಕೊಬ್ಬರಿ ಜೊತೆ ಬಿಸಿಲಿಗೆ ನಿಲ್ಲಿಸಿ, ಬಿಸಿಲೇರಿದ ಮೇಲೆ ಹೊರಡುತ್ತಿದ್ದರು. ಇಡೀ ಹಾಲ್ಕುರಿಕೆ ನಕ್ಕಿತು, ಅವರೂ ನಕ್ಕರು.

ಆ ಚಳಿಗಾಲದಲ್ಲೇ ಅವರ ಕೈ ಸೋಲತೊಡಗಿದ್ದು. ದಾರಿಯಲ್ಲಿ ಬೈಕು ನಿಲ್ಲಿಸಿ ಎಡಗೈ ಕೊಡವುತ್ತಾ ಕೂತಿರುತ್ತಿದ್ದರು. ಏನಾಯ್ತು ಭಾವ ಅಂದರೆ, "ಎಣ್ಣೆ ಗಟ್ಟಿಯಾಗೈತೆ, ಬಿಸಿಲು ಬರ್ಲಿ ಬುಡು" ಅನ್ನುತ್ತಿದ್ದರು. ನಾವೂ ಹಾಗೇ ಅಂದುಕೊಂಡೆವು. ಅವರ ಎಣ್ಣೆ ಹುಚ್ಚು ಊರಿಗೇ ಗೊತ್ತಿರುವಾಗ ಬೇರೆ ಇನ್ನೇನು ತೋಚೀತು? ರಾತ್ರಿ ಗೌರಕ್ಕ ಅದೇ ಎಣ್ಣೆ ಬಿಸಿ ಮಾಡಿ ಕೈಗೆ ತಿಕ್ಕುತ್ತಿದ್ದಳು.

ಶಿವರಾತ್ರಿ ಕಳೆಯಿತು. ಬಿಸಿಲು ಚುರುಗುಟ್ಟಿತು. ಮನೆಯ ಬಾಟಲಿಯಲ್ಲಿ ಎಣ್ಣೆ ನೀರಿನಂತಾಯಿತು. ಒಂದು ಮಧ್ಯಾಹ್ನ ನಾನು ಅನ್ವರನ ಹತ್ತಿರ ಪಂಕ್ಚರ್ ಹಾಕಿಸುತ್ತಿದ್ದೆ. ಭಾವ ಬೈಕು ತಳ್ಳಿಕೊಂಡು ಬಂದರು, ಶರಟೆಲ್ಲ ಬೆವರು. "ಹಾಕಪ್ಪ ಅನ್ವರ್, ನಿನ್ನ ಗ್ರೀಸೇ ಹಾಕು. ನಾನು ಸೋತೆ" ಅಂದರು. ಅನ್ವರ್ ಕುಣಿದಾಡಿಬಿಟ್ಟ. ಹೊಸ ವೈರು ಹಾಕಿ, ಗ್ರೀಸು ತುಂಬಿ, ಒಮ್ಮೆ ಎಳೆದು "ಬೆಣ್ಣೆ ಅಣ್ಣ, ಬೆಣ್ಣೆ!" ಅಂದ. ನಾನೂ ಎರಡು ಬೆರಳಲ್ಲಿ ಎಳೆದು ನೋಡಿದೆ. ಸಲೀಸಾಗಿ ಬಂತು.

ಭಾವ ನಾಲ್ಕೂ ಬೆರಳು ಹಾಕಿ ಎಳೆದರು. ಅರ್ಧಕ್ಕೆ ಬಂದು ನಿಂತಿತು. ಇನ್ನೊಮ್ಮೆ ಎಳೆದರು. ಬೆರಳು ಗಡಗಡ ನಡುಗಿದವು, ಹಿಡಿ ಜಾರಿ ಹೋಯಿತು. ಹೆಬ್ಬೆರಳು ತೋರುಬೆರಳಿನ ನಡುವೆ ಉಬ್ಬಿರಬೇಕಾದ ಮಾಂಸ ಇಂಗಿ ಗುಳಿ ಬಿದ್ದಿರುವುದನ್ನು ನಾನು ಆಗ ನೋಡಿದೆ.

"ಇನ್ನೂ ಬಿಗಿ ಐತೆ ಕಣಪ್ಪ," ಅಂದರು ಭಾವ.

ಅನ್ವರ್ ನನ್ನ ಮುಖ ನೋಡಿದ. ಅವನ ನಗು ಎಲ್ಲೋ ಹೋಗಿತ್ತು. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಬಗ್ಗಿ, "ಹೌದಣ್ಣ, ಒಂಚೂರು ಬಿಗಿ ಐತೆ. ಕೂತ್ಕೊಳ್ಳಿ, ಸಡಿಲ ಮಾಡ್ತೀನಿ" ಅಂತ ಏನೂ ಇಲ್ಲದ ಕಡೆ ತಿರುಗಿಸುತ್ತಾ ಕೂತ.

ತುಮಕೂರಿನ ಆಸ್ಪತ್ರೆಗೆ ಹೋದೆವು, ಅಲ್ಲಿಂದ ಬೆಂಗಳೂರಿಗೆ. ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಮದ್ದಿಲ್ಲ ಅಂದರು ಡಾಕ್ಟರು. ಗೌರಕ್ಕ ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಭಾವ ಕಿಟಕಿ ಕಡೆ ನೋಡುತ್ತಿದ್ದವರು ತಿಪಟೂರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ಗಾಡಿ ಓಡಿಸ್ಬೌದಾ ಅಂತ ಡಾಕ್ಟ್ರನ್ನ ಕೇಳಿದ್ಯೇನವ್ವ?" ಅಂದರು. ಅವರಿಗೆ ಬೇಕಿದ್ದುದು ಅಷ್ಟೇ. ಬದುಕಿರುವಷ್ಟು ದಿನ ತಮ್ಮ ಎಣ್ಣೆಯನ್ನು ತಾವೇ ಓಡಿಸಿಕೊಂಡು ಹೋಗಿ ಅಂಗಡಿಗೆ ಹಾಕಬೇಕು, ಯಾರ ಹಿಂದೆಯೂ ಕೂತು ಹೋಗಬಾರದು. ನಾನು ಕೇಳಿರಲಿಲ್ಲ. ಆದರೂ "ಓಡಿಸ್ಬೌದಂತೆ ಭಾವ" ಅಂದೆ.

ಅನ್ವರ್ ಹುಡುಕಿ ಒಂದು ಗೇರಿಲ್ಲದ ಸ್ಕೂಟರ್ ತಂದುಕೊಟ್ಟ. ಕ್ಲಚ್ಚಿಲ್ಲ, ಬಲಗೈ ಒಂದಿದ್ದರೆ ನಡೆಯುತ್ತೆ. "ಹೆಂಗಸ್ರ ಗಾಡಿ" ಅಂತ ಮೊದಲು ಮೂಗು ಮುರಿದ ಭಾವ, ಆಮೇಲೆ ನನ್ನ ಮುಖ ನೋಡಿ, "ಹೆಂಗಸ್ರು ಗಂಡಸ್ರ ಗಾಡಿ ಓಡಿಸ್ಬೇಕಾದ್ರೆ ನಂದೇನು, ಬುಡು" ಅಂತ ಹತ್ತಿದರು. ಮಳೆಗಾಲವೆಲ್ಲ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂತ ಓಡಾಡಿದರು. ನಮಗೆಲ್ಲ ಒಂದಿಷ್ಟು ಆಸೆ ಹುಟ್ಟಿತು. ಮುಂದಿನ ಚಳಿಗೆ ಬಲಗೈಯೂ ಶುರುವಾಯಿತು. ಒಂದು ಸಂಜೆ ಸ್ಕೂಟರ್ ನಿಲ್ಲಿಸಿ, ಒಳಗೆ ಬಂದು, ಕೀಲಿಕೈಯನ್ನು ಗೌರಕ್ಕನ ಮುಂದೆ ಇಟ್ಟು, "ಎತ್ತಿಡು. ನಾನು ಕೇಳಿದ್ರೂ ಕೊಡ್ಬೇಡ ಕಣೇ" ಅಂದರು. ಅವತ್ತು ಊಟ ಮಾಡಲಿಲ್ಲ.

ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಭಾವ ಪೂಜೆಗೆ ಕೂತಿದ್ದರು. ಲಿಂಗ ಹಿಡಿಯುವ ಎಡಗೈ ಎತ್ತಿ ನಿಲ್ಲಿಸಲು ಆಗುತ್ತಿರಲಿಲ್ಲ. ಗೌರಕ್ಕ ಎದುರು ಕೂತು ಅವರ ಕೈಯ ಕೆಳಗೆ ತನ್ನ ಅಂಗೈ ಕೊಟ್ಟಿದ್ದಳು. ಭಾವ ನನ್ನನ್ನು ನೋಡಿ, "ಇವಳ ಕೈ ಮೇಲೆ ನನ್ನ ಕೈ, ನನ್ನ ಕೈ ಮೇಲೆ ಅವನು. ನಡೀತೈತೆ ಕಣವ್ವ" ಅಂದರು. ನಾನು ಕೊಟ್ಟಿಗೆಗೆ ಹೋಗಿ ಎಣ್ಣೆ ಮಿಷಿನ್ನಿನ ಹಿಂದೆ ನಿಂತು ಅತ್ತೆ. ಆ ಶಿವನ ಮೇಲೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೇರೆ ಏನಾದರೂ ಕಿತ್ತುಕೊಳ್ಳಬಹುದಿತ್ತಲ್ಲ, ಆ ಕೈಯೇ ಬೇಕಿತ್ತಾ?

ಆಷಾಢದಲ್ಲಿ ಭಾವ ಹೋಗಿಬಿಟ್ಟರು. ತೋಟದಲ್ಲೇ ಸಮಾಧಿ ಮಾಡಿದೆವು. ಕೊನೆಯ ದಿನಗಳಲ್ಲಿ ಅವರು ಹಾಸಿಗೆಯಿಂದ ಏಳಲಿಲ್ಲ. ಅದನ್ನು ನೆನೆಯಲು ನನಗೆ ಇಷ್ಟವಿಲ್ಲ. ನನ್ನ ಮಟ್ಟಿಗೆ ಕೊನೆಯ ಭೇಟಿ ಅಂದರೆ ಅದಕ್ಕೆ ಮುಂಚಿನ ಬೇಸಿಗೆಯ ಒಂದು ಹರಾಜಿನ ದಿನ.

ತಿಪಟೂರಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಆಟೋ ಕರೆಸಿದ್ದೆವು. ಭಾವ ಜಗಲಿಯಲ್ಲಿ ಕೂತು ಹಟ ಹಿಡಿದರು. "ಆಟೋದಲ್ಲಿ ಮೂಟೆಯಂಗೆ ಕೂತ್ಕಂಡು ಬರಲ್ಲ. ಇವಳ ಬೈಕಲ್ಲಿ ಬತ್ತೀನಿ." ಯಾರ ಹಿಂದೆಯೂ ಕೂರದ ಮನುಷ್ಯ ತಾನಾಗಿ ಕೇಳಿದ ಮೇಲೆ ನಾನು ಇಲ್ಲ ಅನ್ನಲಾರದೆ ಹೋದೆ. ಆಗಿನ್ನೂ ಬೆನ್ನು, ಕಾಲು ಗಟ್ಟಿಯಾಗಿದ್ದವು. ಗೌರಕ್ಕ ಟವೆಲ್ ತಂದು ಸೊಂಟಕ್ಕೆ ಕಟ್ಟುತ್ತೇನೆ ಅಂದಾಗ "ನಾನೇನು ಕೊಬ್ಬರಿ ಚೀಲನೇನೇ?" ಅಂತ ರೇಗಿದರು. ನನ್ನ ಹೆಗಲು ಹಿಡಿದುಕೊಳ್ಳಿ ಅಂದೆ. ಅದಕ್ಕೂ ಒಪ್ಪಲಿಲ್ಲ, ಹಿಂದಿನ ಕಂಬಿ ಹಿಡಿದುಕೊಳ್ಳುತ್ತೇನೆ ಅಂದರು.

ದಾರಿಯುದ್ದಕ್ಕೂ ಮಾತಾಡಿದರು. ಯಾರ ತೋಟದ ಗರಿ ಒಣಗಿದೆ, ಯಾರು ಹೊಸ ಬೋರು ಹಾಕಿಸಿದ್ದಾರೆ, ಎಲ್ಲ ಹೇಳಿದರು. ಮಾರುಕಟ್ಟೆ ರಸ್ತೆಗೆ ಬಂದರೆ ಎಂದಿನಂತೆ ಚೀಲದ ಲಾರಿಗಳು ಒಂದರ ಹಿಂದೊಂದು ನಿಂತಿದ್ದವು. ಬೈಕು ನಿಲ್ಲಿಸಿ ಕಾಲೂರಿದೆ.

"ಭಾವ, ಕಂಬಿ ಗಟ್ಟಿಯಾಗಿ ಹಿಡ್ಕಂಡಿದೀರಾ?" ಅಂದೆ.

"ಹಿಡ್ಕಂಡಿದೀನಿ ಕಣವ್ವ. ನೀನು ಹೋಗ್ತಾ ಇರು."

ಕನ್ನಡಿಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿ ನೋಡಿದೆ. ಅವರ ಎರಡೂ ಕೈ ತೊಡೆಯ ಮೇಲೆ ಅಂಗಾತ ಬಿದ್ದಿದ್ದವು.

ಮುಂದಿನ ಲಾರಿ ಕದಲಿತು. ಹಿಂದಿನವರು ಹಾರನ್ ಹೊಡೆಯತೊಡಗಿದರು. ಕಣ್ಣು ಮಂಜಾಗಿತ್ತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. ಗೇರಿಗೆ ಹಾಕಿ, ನನ್ನ ಬೆನ್ನ ಹಿಂದೆ ಏನನ್ನೂ ಹಿಡಿಯದೆ ಕೂತಿದ್ದ ಭಾವ ಒಂದಿಷ್ಟೂ ಜೋಲಿ ಹೊಡೆಯಬಾರದು ಅಂತ, ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ ಹೊರಟೆ.